ಮಗ್ಗದ ಮ್ಯಾಲ ಕಲಿತ ಕಾಮಾ

ನಾ ಓದಿದ್ದು ಎರಡನೇತ್ತಾ. ಅಂಥಾಕಿಗೆ ಇಂಗ್ಲಿಷಿನ ಕಾಮಾ ಗೊತ್ತಾಗಿದ್ದು ನನ್ನ ಸೊಸಿ ಎರಡು ಸಲ ನಪಾಸಾಗಿದ್ದಕ್ಕ.

ಗದಗ ಆಗಷ್ಟ ಹೊಸ ಜಿಲ್ಲಾ ಆಗಿತ್ತು. ಬೆಟಗೇರಿಯ ನಮ್ಮ ಓಣಿ ಅಂಗನವಾಡಿಗೆ ಟೀಚರ್ ಬೇಕಾಗಿದ್ರು. ಹತ್ತನೇತ್ತಾ ಪಾಸಾಗಿರಬೇಕು. ಸೊಸಿಗೆ ಉಳಿದದ್ದೆಲ್ಲಾ ಪಾಸು, ಇಂಗ್ಲಿಷ್ ಒಂದು ಕುಂತಿತ್ತು. ಈ ಸಲ ಬಿದ್ದರ ಕೆಲಸ ಬ್ಯಾರೆಯಾಕಿ ಪಾಲು.

ಅಕಿ ಓದೋದು ಮಗ್ಗದ ಮ್ಯಾಲ. ಪುಸ್ತಕ ಮಗ್ಗಲಕ್ಕ ಇಟ್ಕೊಂಡು, ಲಾಳಿ ಒಮ್ಮೆ ಎಸೆದು ಮೂರು ಶಬ್ದ, ಮತ್ತೊಮ್ಮೆ ಎಸೆದು ಮೂರು ಶಬ್ದ. ಸೀರಿನೂ ನಿಲ್ಲಬಾರದು, ಓದೂ ನಿಲ್ಲಬಾರದು. ಹಂಗ ಮಾಡಂತ ಹೇಳಿದಾಕಿ ನಾನ.

ಅಕಿ ಬರೆದ ಪ್ರಬಂಧ ಓಣಿಯ ರಿಟೈರ್ ಮಾಸ್ತರಿಗೆ ತೋರಿಸಿದ್ವಿ. ಚಷ್ಮಾ ಏರಿಸಿ, "ಏನವ್ವಾ ಇದು? ಹಾಳಿ ಮ್ಯಾಲ ಇಲಿ ಹಿಕ್ಕಿ ಹಾಕಿ ಹ್ವಾದಂಗೈತಿ" ಅಂದ್ರು. ಮೂರು ಶಬ್ದಕ್ಕೊಂದು ಕಾಮಾ!

"ಉಸಿರು ತಗೊಳ್ಳಾಕ ಇಡ್ತಾರಲ್ರಿ ಸರ?" ಅಂದ್ಲು ಸೊಸಿ.

"ಯಾರು ಹೇಳ್ಯಾರ? ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಅಂತ ಸಾಲಾಗಿ ಬರದ್ರ ನಡುವ ಇಡು. 'ಮಳಿ ಬಂದ್ರ' ಅಂತ ವಾಕ್ಯ ಸುರು ಮಾಡಿದ್ರ, ಆ ತುಣುಕು ಮುಗಿದಲ್ಲಿ ಒಂದು ಇಡು. ಮಾಡಿದಾಂವಗೂ ಅಂವ ಮಾಡಿದ ಕೆಲಸಕ್ಕೂ ನಡುವ ಮಾತ್ರ ತುರುಕಬ್ಯಾಡ. ನಿನ್ನ ಉಸಿರಿನ ಉಸಾಬರಿ ಅದಕ್ಕ್ಯಾಕ?"

ಮನಿಗೆ ಬಂದು ಮತ್ತ ಮಗ್ಗಕ್ಕ ಕುಂತ್ಲು. ಮತ್ತ ಅದ ತಾಳ. ಲಾಳಿ ಟಕ್ ಅಂತು, ಮೂರು ಶಬ್ದ ಓದಿದ್ಲು, ನಿಂತ್ಲು. ಆಗ ನನಗ ತಿಳೀತು ಎಡವಟ್ಟು ಎಲ್ಲೈತಿ ಅಂತ.

"ಏಳ ಮಗ್ಗದಿಂದ," ಅಂದೆ.

"ಮತ್ತ ಸೀರಿ, ಅತ್ತಿ?"

"ನಾ ನೇಯ್ತೀನಿ. ನೀ ಅಡಗಿಮನ್ಯಾಗ ಕುಂತು ಓದು."

"ನಿಮ್ಮ ಮೊಣಕಾಲು..."

"ಮೊಣಕಾಲು ಪರೀಕ್ಷಾ ಬರಿಯೋದಿಲ್ಲ. ನಡಿ."

ಪರೀಕ್ಷಾ ಮುಗಿಯೋ ತನಕ ಮಗ್ಗದ ಕುಣಿಯೊಳಗ ಕಾಲು ಇಳಿಬಿಟ್ಟು ಕುಂತೆ. ದಿನಾ ಅಕಿಗೆ ಬೈದೆ. ಒಳಗ ಅಕಿ ಉದ್ದುದ್ದ ವಾಕ್ಯ ಒಂದ ದಮ್ಮಿಗೆ ಓದ್ತಿದ್ಲು. ನನಗ ಒಂದಕ್ಷರ ತಿಳೀತಿರಲಿಲ್ಲ, ಆದ್ರ ನಡುವ ನಿಂತ್ಲಂದ್ರ, "ಯಾಕ ನಿಂತಿ?" ಅಂತ ಒದರ್ತಿದ್ದೆ.

"ಇಲ್ಲಿ ಖರೇನ ಕಾಮಾ ಐತ್ರಿ!" ಅಂತ ಅಕೀನೂ ಒದರ್ತಿದ್ಲು.

ಪಾಸಾದ್ಲು, ಅಂಚಿಗೆ. ಕೆಲಸಾನೂ ಸಿಕ್ಕಿತು. ಮೊದಲನೇ ದಿನ ಹೊಂಟಾಗ ಕಾಲಿಗೆ ಬೀಳಾಕ ಬಂದ್ಲು. "ಬಿದ್ದು ಏಳೋದ್ರಾಗ ಹೊತ್ತಾಕ್ಕೈತಿ, ಹೋಗು" ಅಂದೆ.

ಮಗ್ಗ ನನ್ನ ಕೊರಳಿಗೆ ಬಿತ್ತು. ಬೈಯಾಕ ಮನ್ಯಾಗ ಯಾರೂ ಇರಲಿಲ್ಲ, ಬಾಯಿ ಹಗಲೆಲ್ಲಾ ಸುಮ್ನ ಕುಂತಿತ್ತು.