ನಮ್ಮ ಕುದುರೆಗೆ ಸೋದರಮಾವನ ಸಂಬಂಧ

ನನ್ನ ಗಂಡ ನನ್ನ ಅವ್ವನ ಸ್ವಂತ ತಮ್ಮ. ಹಾಗಾಗಿ ನನಗೆ ಅತ್ತೆಯೇ ಅಜ್ಜಿ, ಅತ್ತೆಯ ಗಂಡನೇ ಅಜ್ಜ. ಮದುವೆಯಾಗಿ ನಾಲ್ಕು ವರ್ಷವಾದರೂ ಗಂಡನನ್ನು ಮಾವ ಅಂತಲೇ ಕರೆಯುತ್ತೇನೆ. ಹೊರಗಿನವರಿಗೆ ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಅವರ ಟೀ ಆರಿಹೋಗಿರುತ್ತದೆ. ನಮ್ಮ ಕಡೆ ಇದರಲ್ಲೇನೂ ವಿಶೇಷವಿಲ್ಲ. ಕುದುರೆಗೂ ಇದೇ ಲೆಕ್ಕ ಹಾಕಲು ಹೊರಟಿದ್ದು ಮಾತ್ರ ನಮ್ಮ ಮನೆಯವರ ಹೆಚ್ಚುಗಾರಿಕೆ.

ಊರು ಮೊಳಕಾಲ್ಮೂರಿಗೆ ಹತ್ತಿರ. ಶೇಂಗಾ ಹೊಲದ ಜೊತೆಗೆ ನಮಗೊಂದು ಬಿಳಿ ಹೆಣ್ಣುಕುದುರೆ ಇದೆ. ಮದುವೆ ಮೆರವಣಿಗೆಗೆ ಚಳ್ಳಕೆರೆಯವರೂ ಅದನ್ನೇ ಕರೆಸುತ್ತಾರೆ. ನೋಡಲು ಚೆಂದ, ಬುದ್ಧಿ ಮಾತ್ರ ದೇವರಿಗೇ ಪ್ರೀತಿ. ಡಿಜೆ ಸದ್ದು ಕೇಳಿದರೆ ಹಿಂದಕ್ಕೆ ನಡೆಯುತ್ತದೆ. ಒಮ್ಮೆ ಚಳ್ಳಕೆರೆಯಲ್ಲಿ ಛತ್ರದ ಬಾಗಿಲಿಗೆ ಬಂದ ಮದುಮಗನನ್ನು ಹಿಂದೆ ಹಿಂದೆ ನಡೆದು ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿತು. ಹುಡುಗ ಓಡಿಹೋಗುತ್ತಿದ್ದಾನೆಂದು ಹೆಣ್ಣಿನ ಕಡೆಯವರು ಬೆನ್ನಟ್ಟಿದರು. ಅಂದು ನಾನು ನಕ್ಕ ನಗೆಗೆ ಮಾವ ಎರಡು ದಿನ ಮಾತು ಬಿಟ್ಟಿದ್ದ.

ಇದರ ತಾಯಿಯ ತಾಯಿ, ನಾವು ಹಳೇ ಕುದುರೆ ಅನ್ನುವುದು, ಹೀಗಿರಲಿಲ್ಲವಂತೆ. ಕಿವಿ ಪಕ್ಕದಲ್ಲೇ ಪಟಾಕಿ ಸರ ಸಿಡಿದರೂ ರೆಪ್ಪೆ ಬಡಿಯುತ್ತಿರಲಿಲ್ಲ ಎಂದು ಅಜ್ಜ ಟೀ ಅಂಗಡಿಯಲ್ಲಿ ಹೇಳದ ದಿನವಿಲ್ಲ. ಒಂದೂ ಕುಂದಿಲ್ಲದ ಕುದುರೆಯಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸಾಕಿದವರದೂ ಅದೇ ಕಥೆ. ಅಂಥದ್ದೇ ಇನ್ನೊಂದು ನಮ್ಮ ಕೊಟ್ಟಿಗೆಯಲ್ಲಿ ಹುಟ್ಟಬೇಕು, ಅದನ್ನು ನೋಡಿಯೇ ಕಣ್ಣು ಮುಚ್ಚಬೇಕು ಎನ್ನುವುದು ಅಜ್ಜನ ಆಸೆ. ಚಳ್ಳಕೆರೆಯಿಂದ ಬರುವ ಪಶುವೈದ್ಯೆ, ನಮ್ಮೆಲ್ಲರ ಡಾಕ್ಟರಮ್ಮ, ನಮ್ಮ ಕುದುರೆಗೆ ವಯಸ್ಸಾಯಿತು, ಗಬ್ಬ ಕಟ್ಟಿಸುವುದಾದರೆ ಇದೇ ಕೊನೆ ಸಲ ಎಂದುಬಿಟ್ಟಿದ್ದರು.

ಸರಿ, ಗಂಡು ಹುಡುಕುವ ಸಂಭ್ರಮ ಶುರುವಾಯಿತು. ಅಜ್ಜಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಹಳೇ ಕುದುರೆಯ ಗಂಡುಮರಿಯೊಂದನ್ನು ಅಜ್ಜ ಬಿ.ಜಿ. ಕೆರೆಯವರೊಬ್ಬರಿಗೆ ಮಾರಿದ್ದ. ಅದರ ಅಪ್ಪ ಬೇರೆ, ತಾಯಿ ಒಬ್ಬಳೇ. ಅಂದರೆ ನಮ್ಮ ಕುದುರೆಯ ತಾಯಿಗೆ ಅದು ತಮ್ಮ.

"ಸೋದರಮಾವ ಎದುರಿಗೆ ಐತೆ, ಹೊರಗಿನ ಗಂಡು ಯಾಕ್ರಿ?" ಎಂದಳು ಅಜ್ಜಿ.

ನಾನೂ ಮಾವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊಟ್ಟಿಗೆಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮುಂದಿನ ವಾರ ಅರಿಶಿನ ಕುಂಕುಮ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಎಲ್ಲರೂ ಬಿ.ಜಿ. ಕೆರೆಗೆ ಹೋದೆವು. ಹಣ್ಣನ್ನು ವರನೇ ಸಿಪ್ಪೆ ಸಮೇತ ತಿಂದ. ಪಕ್ಕದಲ್ಲೇ ಟ್ರ್ಯಾಕ್ಟರ್ ಗುಡುಗಿದರೂ ಮಿಸುಕಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗ ಎಂದು ಅಜ್ಜ ಗಾದೆಯನ್ನೇ ತಿರುಚಿ ಹೇಳುತ್ತಾ ಅದರ ಕುತ್ತಿಗೆ ಸವರಿದ. ನನಗೂ ಖುಷಿ ತಡೆಯಲಾಗಲಿಲ್ಲ.

ಸಂಬಂಧ ಗಟ್ಟಿಯಾಯಿತೆಂದು ಡಾಕ್ಟರಮ್ಮನಿಗೆ ಹೇಳಿದೆವು. ಅವರು ಜಗುಲಿ ಮೇಲೆ ಕೂತು ಒಂದು ಲಗ್ನಪತ್ರಿಕೆಯ ಹಿಂದೆ ಗೆರೆ ಎಳೆದರು. ಕೆಳಗೆ ಹುಟ್ಟಲಿರುವ ಮರಿ, ಮೇಲೆ ಅದರ ಅಪ್ಪ ಅಮ್ಮ, ಅವರ ಮೇಲೆ ಅವರ ಹೆತ್ತವರು, ಇನ್ನೂ ಮೇಲೆ ಅವರನ್ನು ಹೆತ್ತವರು. ಹಳೇ ಕುದುರೆ ಎರಡೂ ಕಡೆ ಬಂತು. ಒಂದು ಒಳ್ಳೆಯ ಪ್ರಾಣಿಯ ರಕ್ತವನ್ನು ಹೀಗೆ ಬೇಕಂತಲೇ ಎರಡು ಕಡೆಯಿಂದ ತರುವುದಕ್ಕೆ ಲೈನ್ ಬ್ರೀಡಿಂಗ್ ಅಂತಾರೆ, ಅದೇನು ತಪ್ಪಲ್ಲ ಎಂದರು. ಒಳ್ಳೆಯ ಗುಣ ಗಟ್ಟಿಯಾಗಿ ನಿಲ್ಲಬಹುದು. ಆದರೆ ಒಂದೇ ಕಡೆಯಿಂದ ಬಂದಾಗ ಅಡಗಿಯೇ ಇರುವ ದೋಷ ಎರಡು ಕಡೆಯಿಂದ ಸೇರಿದರೆ ಹೊರಗೆ ಬರಬಹುದು. ಆ ಹೆಸರು ನಾಲ್ಕೈದು ತಲೆಮಾರು ಹಿಂದಿದ್ದರೆ ಭಯ ಕಡಿಮೆ, ಇಲ್ಲಿ ಬಾಗಿಲಲ್ಲೇ ನಿಂತಿದೆ.

ನಾನು ಸುಮ್ಮನಿರುವವಳಲ್ಲ. ನಾಳೆ ಹುಟ್ಟುವ ನನ್ನ ಮಕ್ಕಳಿಗೂ ಇಂಥದ್ದೇ ಗೆರೆ ಎಳೆದರೆ ಅಜ್ಜನ ಹೆಸರು ಎಷ್ಟು ಸಲ ಬರುತ್ತದೆ ಎಂದು ಕೇಳಿದೆ. ಮಾವ ನನ್ನ ತೋಳು ಚಿವುಟಿದ. ಡಾಕ್ಟರಮ್ಮ ನಕ್ಕರು, ಆಮೇಲೆ ನಗದೆ, ಮಕ್ಕಳು ಬೇಕೆನಿಸಿದಾಗ ನಿಮ್ಮಿಬ್ಬರ ಸಂಬಂಧವನ್ನು ಡಾಕ್ಟರಿಂದ ಮುಚ್ಚಿಡಬೇಡ ಎಂದರು. ನನಗೆ ಒಂದು ಕ್ಷಣ ನಿಜಕ್ಕೂ ಹೆದರಿಕೆಯಾಯಿತು.

ಆಮೇಲೆ ಅವರು ಅಜ್ಜನ ಕಡೆ ತಿರುಗಿ, ಹಳೇ ಕುದುರೆ ಎಷ್ಟು ಮರಿ ಹಾಕಿತ್ತು ಎಂದು ಕೇಳಿದರು.

"ಎರಡು" ಎಂದ ಅಜ್ಜ.

"ಮೂರು" ಎಂದಳು ಬಾಗಿಲಲ್ಲಿ ನಿಂತಿದ್ದ ಅಜ್ಜಿ.

ಅಜ್ಜ ತಲೆ ತಗ್ಗಿಸಿದ. ಟವೆಲನ್ನು ಹೆಗಲಿನಿಂದ ತೆಗೆದು ಮಡಚಿ ಮತ್ತೆ ಹಾಕಿಕೊಂಡ. ನಡುವಿನ ಮರಿ ಮುಂಗಾಲು ಸೊಟ್ಟಗಿಟ್ಟುಕೊಂಡೇ ಹುಟ್ಟಿತ್ತಂತೆ. ಎದ್ದು ನಿಲ್ಲಲಾಗದೆ, ಮೊಲೆಗೆ ಬಾಯಿ ಎಟುಕದೆ ಮೂರೇ ದಿನ ಬದುಕಿತ್ತಂತೆ. ಅಜ್ಜ ಎತ್ತಿ ಹಿಡಿದು ಹಾಲು ಕುಡಿಸಿದ್ದ. ಕೊನೆಗೆ ಹೊಲದ ಬದುವಿನಲ್ಲಿ ತಾನೇ ಗುಂಡಿ ತೋಡಿ ಹೂತು, ಕುದುರೆಯ ಹೆಸರು ಕೆಡಬಾರದೆಂದು ಅಜ್ಜಿಯ ಹೊರತು ಯಾರಿಗೂ ಹೇಳಿರಲಿಲ್ಲ. ಅಷ್ಟು ವರ್ಷ ಟೀ ಅಂಗಡಿಯಲ್ಲಿ ಜಂಬ ಕೊಚ್ಚಿದವನು ಇವನೇನಾ ಅನ್ನಿಸಿತು.

ಅದು ತಾಯಿಯಿಂದಲೇ ಬಂದದ್ದೆಂದು ಹೇಳಲಾಗದು, ಬೇರೆ ಕಾರಣವೂ ಇರಬಹುದು ಎಂದರು ಡಾಕ್ಟರಮ್ಮ. ಅನುಮಾನ ಇರುವಾಗ ಎರಡು ಕಡೆಯಿಂದಲೂ ತರುವುದು ಬೇಡವೆನ್ನುವುದು ಅವರ ಮಾತು, ತೀರ್ಮಾನ ನಿಮ್ಮದು ಎಂದು ಎದ್ದರು. ಅವರ ಸ್ಕೂಟರ್ ತಿರುವು ದಾಟುವ ಮೊದಲೇ ಅಜ್ಜ ಬಿ.ಜಿ. ಕೆರೆಗೆ ಫೋನ್ ಹಚ್ಚಿದ. ಋಣಾನುಬಂಧ ಕೂಡಿಬರಲಿಲ್ಲ ಎಂದ, ಮದುವೆ ಮುರಿಯುವವರು ಹೇಳುವ ಹಾಗೆಯೇ.

ರಾಯದುರ್ಗದ ಕಡೆಯ ಕಂದು ಗಂಡು ಗೊತ್ತಾಯಿತು. ನಮ್ಮ ಕುದುರೆಗೆ ಏನೇನೂ ಸಂಬಂಧವಿಲ್ಲದ್ದು. ಒಡೆಯನಿಗೆ ತೆಲುಗು ಬಿಟ್ಟು ಬೇರೆ ಬಾರದು. ಅಳಿಯನಿಗೂ ತೆಲುಗೇ ಬರುವುದೆಂದು ಅಜ್ಜಿ ಅದರ ಹತ್ತಿರ ತೆಲುಗಿನಲ್ಲೇ ಮಾತಾಡಿದಳು.

ಹನ್ನೊಂದು ತಿಂಗಳಾದ ಮೇಲೆ ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಮರಿ ಹುಟ್ಟಿತು. ಕಂದು ಬಣ್ಣ, ನಮ್ಮ ಮನೆಯ ಯಾವ ಕುದುರೆಯ ಹೋಲಿಕೆಯೂ ಇಲ್ಲ. ನಾನು ಪಾತ್ರೆ ಕೆಳಗಿಟ್ಟ ಸದ್ದಿಗೇ ಬೆಚ್ಚಿ ಬಿತ್ತು. ಬಿದ್ದದ್ದು ಎದ್ದಿತು, ಮತ್ತೆ ಬಿದ್ದಿತು, ಮತ್ತೆ ಎದ್ದು ತಾಯಿಯ ಮೊಲೆ ಹುಡುಕಿತು. ಅಜ್ಜ ಅದರ ಪಕ್ಕ ಮಂಡಿಯೂರಿ ಕೂತು, ಎರಡು ಮುಂಗಾಲುಗಳನ್ನೂ ಮೇಲಿನಿಂದ ಗೊರಸಿನವರೆಗೆ ಮೆಲ್ಲಗೆ ಸವರಿದ. ಮುಗಿಸಿ ಮತ್ತೆ ಮೊದಲಿನಿಂದ ಸವರಿದ.

ಹಳೇ ಕುದುರೆಯ ಥರ ಆಗಲಿಲ್ಲವಲ್ಲ ಎಂದ ಮಾವ.

"ಆಗದಿದ್ರೆ ಬ್ಯಾಡ ಬಿಡಲೇ" ಎಂದ ಅಜ್ಜ. "ನಿಂತೈತೆ."