ನಾದಿನಿಯ ಪಾಲಿನ ನೋವು

ಮೊಣಕಾಲಿನ ಆಪರೇಷನ್ ಆದವರ ಕಾಲು ಮಡಚಿಸಿ ಬೈಸಿಕೊಳ್ಳುವುದೇ ಮಣಿಪಾಲದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆದ ನನ್ನ ಕೆಲಸ. ಕಲ್ಯಾಣಪುರದ ಸೆಲಿನ್ ಬಾಯಿ ಎಂಬ ಕೊಂಕಣಿ ಕ್ರೈಸ್ತ ಹೆಂಗಸು ಮಾತ್ರ ಬೈಯಲಿಲ್ಲ.

“ನೋವನ್ನು ದಂಡ ಮಾಡಬಾರದು ಡಾಕ್ಟ್ರೇ. ದೇವರಿಗೆ ಒಪ್ಪಿಸಿ ಬೇರೆಯವರಿಗಾಗಿ ಬೇಡಬೇಕು. ಆತ್ಮ ಬೆಳೆಯುವುದು ಹಾಗೆಯೇ” ಎಂದರು.

ದಿನಕ್ಕೆ ಇಪ್ಪತ್ತು ಸಲ ಮಡಚಬೇಕಿತ್ತು. ಮೊದಲನೆಯದು ತೀರಿಹೋದ ಗಂಡನ ಆತ್ಮಕ್ಕೆ, ಎರಡನೆಯದು ಮಗಳಿಗೆ, ಆಮೇಲೆ ಚರ್ಚಿನ ಪಾದ್ರಿಗಳಿಗೆ, ಮೀನಿನವಳಿಗೆ, ಪಕ್ಕದ ಬೆಡ್ಡಿನವರಿಗೆ. ಹತ್ತೊಂಬತ್ತಕ್ಕೆ ಜನ ಮುಗಿದರು.

“ಇನ್ನೊಂದು ಉಂಟು ಬಾಯಿ. ಮಡಚದಿದ್ದರೆ ಕಾಲು ಹಾಗೆಯೇ ಗಟ್ಟಿಯಾಗುತ್ತದೆ.”

“ನಾದಿನಿ ಒಬ್ಬಳಿದ್ದಾಳೆ. ಮಾತು ಬಿಟ್ಟು ಹನ್ನೊಂದು ವರ್ಷ ಆಯಿತು. ಅವಳಿಗೆ ಕೊಡುವಷ್ಟು ನೋವು ನನ್ನಲ್ಲಿಲ್ಲ.”

“ಹಾಗಾದರೆ ನನಗೆ ಕೊಡಿ.”

“ಏಳನೆಯದು ನಿಮಗೇ ಕೊಟ್ಟದ್ದು.”

ಜಪಸರವನ್ನು ಬಿಗಿಯಾಗಿ ಹಿಡಿದುಕೊಂಡರು. ಮತ್ತೆ ಹಲ್ಲು ಕಚ್ಚಿ, ನಾದಿನಿಯ ಹೆಸರು ಹೇಳಿ, ಮಡಚಿಯೇಬಿಟ್ಟರು. ಆ ಕಾಲು ಅದುವರೆಗೆ ಅಷ್ಟು ಚೆನ್ನಾಗಿ ಮಡಚಿರಲಿಲ್ಲ. ಕಣ್ಣಲ್ಲಿ ನೀರಿತ್ತು.

ನಾನು ಹೊರಡುವಾಗ ಬಾಯಿ ಮೆಲ್ಲಗೆ ಕರೆದರು. “ಡಾಕ್ಟ್ರೇ, ನಾಳೆ ಹತ್ತೊಂಬತ್ತೇ ಸಾಕು ಅಲ್ವಾ?”

ನಾನು ಫೈಲಿನಲ್ಲಿ ನಾಳೆಗೆ ಇಪ್ಪತ್ತೊಂದು ಎಂದು ಬರೆದೆ.