ಹಮೀದನ ಸರದಿ

“ಭೂತವನ್ನು ಕೊಲ್ಲುದಾ? ನಿಮಗೆ ತಲೆ ಸಮ ಉಂಟಾ ಮಾರಾಯ್ರೇ?”

ಇಷ್ಟು ಹೇಳಿ ಸಂಜೀವಣ್ಣ ಕೈಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕೂತುಬಿಟ್ಟರು. ಬ್ಯಾಂಕಿನ ವರ್ಗಾವಣೆಯಲ್ಲಿ ಗದಗಿನಿಂದ ರಾಜ್ಯದ ಗಡಿಯಾಚೆಯ ಮುಳ್ಳೇರಿಯಕ್ಕೆ ಬಂದು ನನಗೆ ಆಗಿನ್ನೂ ತಿಂಗಳಾಗಿರಲಿಲ್ಲ. ಅವರು ನನ್ನ ಮನೆ ಮಾಲೀಕರು. ಸಿಕ್ಕಿದ್ದ ಒಂದು ಕೋಣೆಯೂ ಹೋಯಿತೆಂದುಕೊಂಡೆ. ಚಿಂತೆ ಮಾಡುವುದರಲ್ಲಿ ನಾನು ಆಗಲೇ ನುರಿತವನು.

ಆಟ ಹಮೀದನದು. ಮೊಗ್ರಾಲಿನವನು, ನನ್ನ ಕೋಣೆಯ ಕೆಳಗೆ ಕ್ಯಾಸೆಟ್ ಅಂಗಡಿ ಇಟ್ಟಿದ್ದ. ಅವನ ಅಣ್ಣ ಗಲ್ಫಿನಿಂದ ತಂದ ಡಬ್ಬಿಯಲ್ಲಿ ವಿಚಿತ್ರ ಆಕಾರದ ದಾಳಗಳೂ ಒಂದು ಇಂಗ್ಲಿಷ್ ಪುಸ್ತಕವೂ ಇದ್ದವು. ಒಬ್ಬ ಕಥೆ ಹೇಳಬೇಕು. ಉಳಿದವರು ಒಂದೊಂದು ಪಾತ್ರವಾಗಿ, ಸರದಿ ಬಂದಾಗ ತಾವೇನು ಮಾಡುತ್ತೇವೆಂದು ಹೇಳಬೇಕು. ಗೆಲುವು ಸೋಲು ದಾಳದ್ದು. ಪುಸ್ತಕ ಓದಿದ ತಪ್ಪಿಗೆ ಕಥೆ ಹೇಳುವ ಕೆಲಸ ನನಗೆ ಬಂತು. ಇಲ್ಲಿನವರಿಗೆ ಖುಷಿಯಾಗಲೆಂದು, ಪುಸ್ತಕದ ರಾಕ್ಷಸನನ್ನು ತೆಗೆದು ಈ ಸೀಮೆಯವರು ಕೈಮುಗಿಯುವ ಭೂತವನ್ನೇ ನಿಧಿಯ ಕಾವಲಿಗೆ ನಿಲ್ಲಿಸಿದ್ದೆ!

“ನಮ್ಮಲ್ಲಿ ಭೂತಕ್ಕೆ ಎಂತ ಬೇಕು ಅಂತ ಕೇಳುದು. ಅದು ನುಡಿ ಕೊಡ್ತದೆ. ಕತ್ತಿ ತೆಗೆಯುದಲ್ಲ,” ಎಂದರು ಸಂಜೀವಣ್ಣ.

“ಹಾಗಾದ್ರೆ ಕೇಳುವ ಸಂಜೀವಣ್ಣ,” ಎಂದ ಹಮೀದ್. “ಇಲ್ಲದಿದ್ರೆ ಇವರು ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಮಲಗಬೇಕಾದೀತು.”

ಕೇಳಿದರು. ಭೂತವಾಗಿ ಏನು ಬೇಡಬೇಕೆಂದು ತೋಚದೆ, ರೊಟ್ಟಿ ಬೇಕೆಂದೆ. ಕುಚ್ಚಲಕ್ಕಿ ಗಂಜಿ ಕುಡಿದು ಬೇಸತ್ತಿದ್ದೆ. ಮರುದಿನ ಸಂಜೀವಣ್ಣನ ಮನೆಯಿಂದ ರೊಟ್ಟಿ ಬಂತು. ಜೋಳದ್ದಲ್ಲ, ಅಕ್ಕಿಯದು. ಆದರೂ ಒಬ್ಬನೇ ಕೂತು ಚೂರೂ ಬಿಡದೆ ತಿಂದೆ.

ಗದಗಿನಲ್ಲಿ ನಾನು ಇಸ್ಪೀಟಿನವನು. ಎದುರಿನವನನ್ನು ಬಡಿದುಹಾಕಿದರೇ ಆಟ. ಇಲ್ಲಿಯೂ ಮೊದಲು ಸುರಂಗ, ಯುದ್ಧ, ರಕ್ತ ಎಂದೇ ಕಥೆ ಹೂಡುತ್ತಿದ್ದೆ. ಬರಬರುತ್ತ ಕತ್ತಿಗಿಂತ ಕೇಳುವುದು ರುಚಿಸಿತು. ಹಮೀದ್ ದುಡಿಯಲು ಶಾರ್ಜಾಕ್ಕೆ ಹೋದ ಮೇಲೆ ಯಾರೂ ಸಾಯುವ ಕಥೆಯೇ ಬೇಡವಾಯಿತು. ಅವನ ಪಾತ್ರ ಒಬ್ಬ ನಾವಿಕ. ಆ ನಾವಿಕನನ್ನು ಕಥೆಯ ಬಂದರಿನ ಛತ್ರದಲ್ಲಿ ಮಲಗಿಸಿಟ್ಟೆವು, ಹಮೀದ್ ರಜೆಗೆ ಬಂದಾಗ ಎಬ್ಬಿಸುವುದು.

“ನನ್ನ ಜನ ಬದುಕಿದ್ದಾನಲ್ಲ ಮಾರಾಯ್ರೇ?” ಎಂದು ಬಾಗಿಲಲ್ಲೇ ಕೇಳುತ್ತಿದ್ದ.

ಬದುಕದೆ ಏನು? ಕೆಟ್ಟ ದಾಳ ಬಿದ್ದರೆ ಅಂಗೈಯಲ್ಲಿ ಮುಚ್ಚಿಬಿಡುತ್ತಿದ್ದೆ. ನನ್ನ ಕಥೆಗಳಲ್ಲಿ ಯಾರಿಗೂ ನೆಗಡಿಯೂ ಬರುತ್ತಿರಲಿಲ್ಲ.

ತೊಂಬತ್ತೈದರಲ್ಲಿ ಹಮೀದ್ ಶಾರ್ಜಾದಲ್ಲಿ ಕಟ್ಟುತ್ತಿದ್ದ ಕಟ್ಟಡದಿಂದ ಬಿದ್ದು ಸತ್ತ. ಮೊಗ್ರಾಲಿಗೆ ತಂದು ಮಣ್ಣು ಹಾಕುವಾಗ ಸುತ್ತಲಿನವರ ಮಲಯಾಳ ನನಗೆ ಪೂರಾ ಅರ್ಥವಾಯಿತು. ಬಸ್ಸಿನ ಬೋರ್ಡಿಗೂ ಪಂಚಾಯತಿನ ನೋಟೀಸಿಗೂ ವರ್ಷಗಟ್ಟಲೆ ತಡವರಿಸಿದವನಿಗೆ ಭಾಷೆ ಅಂದೇ ಬರಬೇಕೆ?

ಎಷ್ಟೋ ವಾರಗಳ ನಂತರ ಸಂಜೀವಣ್ಣ ಡಬ್ಬಿ ಹಿಡಿದು ಬಂದರು.

“ನಿಯಮದ ಪ್ರಕಾರ ನಾವಿಕನ್ನ ತೆಗೀಬೇಕ್ರಿ,” ಎಂದೆ.

“ಕೇಳದೆಯಾ?”

“ಯಾರನ್ನ ಕೇಳೂದು?”

“ಹಮೀದನನ್ನು.”

“ಭೂತದ್ಹಂಗ ಕೇಳೂದು ಅವನಿಗೆ ಸರಿ ಬರೂದಿಲ್ಲೇನೋ.”

“ಸರಿ ಬಾರದಿದ್ರೆ ಬಂದು ಬೈಲಿ. ನಮ್ಮನ್ನು ಬೈಯುದು ಅವನಿಗೆ ಹೊಸತಾ?” ಎನ್ನುತ್ತ ಅವರು ಹಮೀದನ ಕುರ್ಚಿಯನ್ನು ಮೇಜಿನ ಬಳಿಗೆ ಎಳೆದರು.

ಅಂದಿನಿಂದ ಆಟದಲ್ಲಿ ಮೂರನೆಯ ಕುರ್ಚಿಯ ಸರದಿ ಬಂದಾಗ ಸಂಜೀವಣ್ಣ ಕೇಳುತ್ತಾರೆ: “ಹಮೀದಾ, ನಿಂಗೆ ಎಂತ ಬೇಕು?” ಇಬ್ಬರೂ ಕಾಯುತ್ತೇವೆ. ಕೆಳಗೆ ಆಟೋದ ಸದ್ದು. ಆಮೇಲೆ ನಾನು ದಾಳ ಎತ್ತಿಕೊಳ್ಳುತ್ತೇನೆ. ನಾವಿಕ ಛತ್ರದಲ್ಲೇ ಇದ್ದಾನೆ.

ಹೋದ ರಜೆಯಲ್ಲಿ ಗದಗಿಗೆ ಹೋಗಿದ್ದೆ. ಜೋಳದ ರೊಟ್ಟಿ ಹೊಟ್ಟೆ ತುಂಬ ತಿಂದೆ. ಊಟವಾದ ಮೇಲೆ ಅಣ್ಣ ಇಸ್ಪೀಟು ಹಂಚಿದ. ಆಡುತ್ತಿದ್ದವರು ನಾವಿಬ್ಬರೇ. ಅವನು ಎಲೆ ಇಳಿಸಿದ. ಮುಂದಿನದು ನನ್ನದು. ನಾನು ಪಕ್ಕದ ಖಾಲಿ ಚಾಪೆ ನೋಡುತ್ತ ಕೂತಿದ್ದೆ.

“ಯಾರ ದಾರಿ ಕಾಯಾಕತ್ತೀಯೋ?” ಎಂದ ಅಣ್ಣ. “ಇಲ್ಲಿ ಇನ್ಯಾರದಾರ? ಆಡು.”